ಮಲಕಪ್ಪನನ್ನು ಗೆದ್ದವರು

ಬೆಳಗಿನ ಆರು ಗಂಟೆ. ಗೋವಾದ ಸಾಂಗೆ ಊರಿನ ಆಚೆ, ಅದಿರು ತೆಗೆದು ಕೈಬಿಟ್ಟ ಕೆಂಪು ಗುಡ್ಡದ ಒಂದು ತಿರುವಿನಲ್ಲಿ ಸತ್ಯವ್ವ ಸೀರೆ ಎತ್ತಿ ಕಟ್ಟಿಕೊಂಡು ಮಣ್ಣು ಬಡಿಯುತ್ತಿದ್ದಾರೆ. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ. ರಾತ್ರಿಯಿಡೀ ಸುರಿದ ಮಳೆ ತಿರುವಿನ ಹೊರ ಅಂಚನ್ನು ಕೊರೆದುಕೊಂಡು ಹೋಗಿದೆ. ಕೆಳಗಿನಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಸುರಿದು, ಮರದ ದಿಮ್ಮಿಯಿಂದ ಬಡಿದು, ಬರಿಗಾಲಲ್ಲಿ ತುಳಿದು ನೋಡುತ್ತಾರೆ. ಕಾಲು ಹುಗಿಯಿತೋ, ಮತ್ತೆ ಬುಟ್ಟಿ. ಜೋರು ಮಳೆಯ ಮರುದಿನ ನಲವತ್ತು ಬುಟ್ಟಿಗೆ ಕಡಿಮೆಯಿಲ್ಲ.

“ಒಂಬತ್ತಕ್ಕ ಗಿರಾಕಿ ಬರ್ತಾರ್ರಿ. ಅಷ್ಟರಾಗ ಮಣ್ಣ ಕುಂದ್ರಬೇಕು” ಎನ್ನುತ್ತಾರೆ, ತಲೆ ಎತ್ತದೆ.

ನಾನು ಬಂದಿರುವುದು ಆ ಗಿರಾಕಿಗಳ ಬಗ್ಗೆ ಪತ್ರಿಕೆಗೆ ಬರೆಯಲು. ಮಳೆಗಾಲದಲ್ಲಿ ಗೋವಾದ ಕಡಲಿಗೆ ಇಳಿಯಲು ಬಿಡುವುದಿಲ್ಲ. ಖಾಲಿ ಕೋಣೆಗಳನ್ನು ತುಂಬಿಸಬೇಕಲ್ಲ, ಕಾಣಕೋಣದ ತೀರದ ರೆಸಾರ್ಟೊಂದು ಈ ಗುಡ್ಡ ಹಿಡಿದಿದೆ. ಸೈಕಲ್ ಸಮೇತ ಜೀಪಿನಲ್ಲಿ ನೆತ್ತಿಗೆ ಒಯ್ಯುತ್ತಾರೆ. ಅಲ್ಲಿಂದ ಕೆಳಗೆ ಪೆಡಲ್ ತುಳಿಯುವ ಕೆಲಸವೇ ಇಲ್ಲ; ಬ್ರೇಕು ಮತ್ತು ಧೈರ್ಯ ಸಾಕು. ಡೌನ್‌ಹಿಲ್ ಅಂತ ಹೆಸರು.

ನಾನೂ ಇಳಿಯುತ್ತೇನೆ. ಹೆಲ್ಮೆಟ್ಟು, ಎದೆಗೆ ಕವಚ, ಮೊಣಕಾಲಿಗೆ ಪಟ್ಟಿ, ಎಲ್ಲ ಬಿಗಿದು ಕಳಿಸುತ್ತಾರೆ. ಕಲ್ಲಿನ ಮೇಲೆ ಹಲ್ಲು ಕಟಕಟ ಅನ್ನುತ್ತವೆ, ಬ್ರೇಕು ಹಿಡಿದ ಬೆರಳಿಗೆ ಜೋಮು ಹಿಡಿಯುತ್ತದೆ. ದೊಡ್ಡ ತಿರುವಿನಲ್ಲಿ ಕತೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮಣ್ಣಿನ ದಂಡೆ ಚಕ್ರವನ್ನು ತಡೆದು ಒಳಗೆ ತಿರುಗಿಸುತ್ತದೆ. ಖರೆ ಹೇಳಬೇಕೆಂದರೆ, ಭಾರೀ ಮಜಾ. ಕೆಳಗೆ ತಲುಪಿದಾಗ ಕೌಂಟರಿನ ಹುಡುಗಿ ಚಪ್ಪಾಳೆ ತಟ್ಟಿ ಒಂದು ಟೀಶರ್ಟ್ ಕೊಡುತ್ತಾಳೆ. ಎದೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದೆ: ನಾನು ಮಲಕಪ್ಪನನ್ನು ಗೆದ್ದೆ.

“ಯಾರಮ್ಮ ಮಲಕಪ್ಪ?”

“ಆ ದೊಡ್ಡ ತಿರುವಿನ ಹೆಸರು, ಸರ್.”

ಜೀಪಿನ ಚಾಲಕ ರಿಯಾಜ, ಬಾಗಲಕೋಟೆ ಕಡೆಯವರು, ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. “ತಿರುವು ಅಲ್ರಿ ಸರ್, ಮನಶ್ಯಾ. ಮುಂಜಾನೆ ಮಣ್ಣ ಹಾಕಾಕತ್ತಿದ್ಲಲ್ಲ ಸತ್ಯವ್ವ, ಅಕಿ ಗಂಡ.”

ಮುದ್ದೇಬಿಹಾಳ ಕಡೆಯಿಂದ ಈ ದಂಪತಿ ಬಂದದ್ದು ಇದೇ ಗುಡ್ಡದ ಗಣಿ ಕೂಲಿಗೆ. ಗಣಿ ನಿಂತ ಮೇಲೆ ಕಟ್ಟಡದ ಕೆಲಸ, ಆಮೇಲೆ ಮತ್ತೆ ಇದೇ ಗುಡ್ಡ. ಆ ತಿರುವು ಕಟ್ಟಿದವರೇ ಮಲಕಪ್ಪ. ದಿನಾ ಮುಂಜಾನೆ ಮಣ್ಣು ತುಂಬಿ, ಗಿರಾಕಿ ಬರುವ ಮೊದಲು ತಾವೇ ಒಮ್ಮೆ ಸೈಕಲ್ ಮೇಲೆ ಇಳಿದು ದಾರಿ ಗಟ್ಟಿ ಇದೆಯೋ ಇಲ್ಲವೋ ನೋಡಬೇಕಿತ್ತು. ಹೆಲ್ಮೆಟ್ಟುಗಳು ಗಿರಾಕಿಗಳವು. ಮಲಕಪ್ಪನ ತಲೆಗೆ ಟವೆಲ್ಲು. ಹೋದ ವರ್ಷದ ಆಷಾಢದಲ್ಲಿ ಅವರು ಇಳಿಯುವಾಗಲೇ ಅಂಚು ಕುಸಿಯಿತು. ಸೊಂಟದಿಂದ ಕೆಳಗೆ ಈಗ ಅವರಿಗೆ ಏನೂ ತಿಳಿಯುವುದಿಲ್ಲ.

ರೆಸಾರ್ಟಿನವರು ಆಸ್ಪತ್ರೆ ಖರ್ಚು ಕೊಟ್ಟರು, ಮಣ್ಣಿನ ಕೆಲಸ ಹೆಂಡತಿಗೆ ಕೊಟ್ಟರು, ತಿರುವಿಗೆ ಮಲಕಪ್ಪನ ಹೆಸರಿನ ಬೋರ್ಡು ಹಾಕಿದರು. ಇಷ್ಟರಲ್ಲೇ ಲೆಕ್ಕ ಚುಕ್ತಾ.

“ಗಂಡನ ಹೆಸರ ಇಡೂನೇನವ್ವಾ ಅಂತ ಕೇಳಿದರ್ರಿ ಅವರು. ನಾನ ಹೂಂ ಅಂದೆ” ಎನ್ನುತ್ತಾರೆ ಸತ್ಯವ್ವ, ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತು. “ನಮ್ಮೂರಾಗ ಗುಡಿ ಕಟ್ಟಾಕ ರೊಕ್ಕಾ ಕೊಟ್ಟಾವರ ಹೆಸರ ಕಲ್ಲಿನಾಗ ಕೆತ್ತತಾರ್ರಿ. ಅವೆಲ್ಲ ದೊಡ್ಡ ಮಂದಿ ಹೆಸರು. ನಮ್ಮಂಥಾವರದು ಯಾರ ಬರೀತಾರ? ಭಾಳ ಖುಷಿ ಆತು. ಬೋರ್ಡಿಗೆ ಕಾಯಿ ಒಡದು, ಕೂಲಿ ಲೈನಿನ ಮಂದಿಗೆಲ್ಲಾ ಸಕ್ರಿ ಹಂಚಿದ್ನಿ.”

ಮ್ಯಾನೇಜರು ಒಂದು ಟೀಶರ್ಟನ್ನೂ ಕೊಟ್ಟು ಕಳಿಸಿದ್ದರು. ಹಬ್ಬದ ಅಂಗಿಯೆಂಬಂತೆ ಮಲಕಪ್ಪ ಅದನ್ನು ಹಾಕಿಕೊಂಡೇ ಮಲಗುತ್ತಿದ್ದರು. ವೆರ್ಣಾದ ಕಾರ್ಖಾನೆಯಲ್ಲಿ ಪಾಳಿ ಮಾಡುವ ಮಗಳು ಅಂಬಿಕಾ ರಜೆಗೆ ಬಂದವಳು ಅಪ್ಪನ ಎದೆಯ ಮೇಲಿನ ಇಂಗ್ಲಿಷ್ ಓದಿ ಹೊರಗೆ ಹೋಗಿ ಅತ್ತಳು. ಅದರ ಅರ್ಥ ಅವ್ವನಿಗೆ ಹೇಳಿದಳು, ಅಪ್ಪನಿಗೆ ಹೇಳಲಿಲ್ಲ.

ಅಂದಿನಿಂದ ಸತ್ಯವ್ವ ಒಂದೇ ಮಾತು ಕೇಳುತ್ತಿದ್ದಾರೆ: ಆ ಹೆಸರು ತೆಗೆಯಿರಿ. ನಾನೂ ಮ್ಯಾನೇಜರನ್ನು ಕೇಳುತ್ತೇನೆ. ಎಷ್ಟು ನಯವಾದ ಮನುಷ್ಯ! “ಅವರಿಗೆ ಗೌರವ ಅಂತಲೇ ಇಟ್ಟದ್ದು, ಒಪ್ಪಿಗೆಯನ್ನೂ ಪಡೆದಿದ್ದೇವೆ. ಈಗ ಆ ಹೆಸರು ಓಡುತ್ತಿದೆ. ಮುಂದಿನ ಮಳೆಗಾಲಕ್ಕೆ ಟೋಪಿಯೂ ಬರುತ್ತದೆ” ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಅವರು ಚಹಾ ತರಿಸುತ್ತಾರೆ.

ಮಧ್ಯಾಹ್ನ ಸತ್ಯವ್ವನ ಜೊತೆ ಅವರ ತಗಡಿನ ಮನೆಗೆ ಹೋಗುತ್ತೇನೆ. ಹೊರಸಿನ ಮೇಲೆ ಮಲಕಪ್ಪ, ಮೈಮೇಲೆ ಅದೇ ಟೀಶರ್ಟ್. ಸತ್ಯವ್ವ ಚಹಾಕ್ಕೆ ಒಲೆ ಹಚ್ಚುವಾಗ ಅವರು ನನ್ನನ್ನೇ ನೋಡಿ ಹೇಳುತ್ತಾರೆ: “ನನಗ ಗೊತ್ತೈತ್ರಿ ಇದರಾಗ ಏನ ಬರದಾರಂತ. ರಿಯಾಜನ ಕಡಿಂದ ಓದಿಸೇನಿ. ಅವ್ವ ಮಗಳು ಇಬ್ಬರೂ ಮುಚ್ಚಿಟ್ಟಾರ, ಮುಚ್ಚಿಡ್ಲಿ ಅಂತ ಬಿಟ್ಟಿದ್ನಿ.”

ಒಲೆಯ ಮುಂದಿನ ಕೈ ನಿಲ್ಲುತ್ತದೆ.

“ಗೊತ್ತಿದ್ದೂ ಯಾಕ ಹಾಕ್ಕೊಂಡೀರಿ?” ಸತ್ಯವ್ವ ತಿರುಗಿ ಕೇಳುತ್ತಾರೆ.

“ಬಟ್ಟಿ ಗಟ್ಟಿ ಐತಿ” ಎಂದು ನಗುತ್ತಾರೆ ಮಲಕಪ್ಪ. ಆ ನಗು ನೋಡಲಾಗುವುದಿಲ್ಲ. “ಗೆದ್ದಾರಂತ! ಒಂದ ದಿನ ನೀ ಮಣ್ಣ ಹಾಕಬ್ಯಾಡ. ಆಮ್ಯಾಲ ಗೆಲ್ಲಲಿ, ನೋಡೂನು.”

“ಬಾಯಿ ಮುಚ್ಚರಿ. ಅವೂ ಯಾರದರ ಮನಿ ಮಕ್ಕಳು.”

ಚಹಾ ಕುಡಿಯುತ್ತೇವೆ. ಹೊರಡುವಾಗ ಸತ್ಯವ್ವ ಬಾಗಿಲ ತನಕ ಬರುತ್ತಾರೆ. ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ನನ್ನ ಬಗ್ಗೆ ಏನೂ ಬ್ಯಾಡ್ರಿ. ಇಷ್ಟ ಬರೀರಿ: ನನ್ನ ಗಂಡ ಸೋತಿಲ್ಲ. ಬಿದ್ದಾರ.”