ಬೂಟಿಗಷ್ಟೇ ಜಾಗವಿದ್ದ ಚೀಲ

ಭಾವನವರ ಮೇಲಿನ ಸಿಟ್ಟನ್ನು ಹತ್ತು ತಿಂಗಳು ಆರದಂತೆ ಕಾಪಾಡಿಕೊಂಡು ಬಂದೆ. ಮನೆಯಲ್ಲಿ ಯಾರಿಗೂ ಸುಳಿವು ಹತ್ತಲಿಲ್ಲ. ಅವರು ಚಿತ್ತಾಪುರದಿಂದ ಬಂದಾಗಲೆಲ್ಲ ಚಹಾ ಕೊಟ್ಟೆ, ಬಿಸಿ ರೊಟ್ಟಿ ಬಡಿದು ಹಾಕಿದೆ, ತಲೆ ಮೇಲೆ ಸೆರಗೂ ಹೊದ್ದೆ. ಗಂಡನ ಅಣ್ಣನಿಗೆ ಎದುರಾಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಹಾಗಾಗಿ ನನ್ನ ಪರವಾಗಿ ‘ಇಲ್ಲ’ ಅನ್ನುವಂಥ ಒಂದು ಚೀಲ ಹುಡುಕುತ್ತಿದ್ದೆ.

ನಾನು ಸೇಡಂನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕೆಲವು ವರ್ಷಗಳ ಹಿಂದೆ ಗೆಳತಿಯರ ಜೊತೆ ಗುಲ್ಮಾರ್ಗಿಗೆ ಹೋದಾಗ ಮೊದಲ ಸಲ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಜಾರಿದೆ. ಹತ್ತು ಸಲ ಬಿದ್ದೆ, ಹನ್ನೊಂದನೆಯ ಸಲ ನಿಂತೆ. ಆಮೇಲೆ ಬೇರೇನೂ ತಲೆಗೆ ಹತ್ತಲಿಲ್ಲ. ಅಲ್ಲಿ ಕಲಿಸುತ್ತಿದ್ದಾಕೆ ತನ್ನ ಹಳೆಯ ಬೂಟು ನನಗೆ ಮಾರಿದಳು. ಗಟ್ಟಿ ಪ್ಲಾಸ್ಟಿಕ್ಕಿನ, ಮೊಣಕಾಲಿನ ಹತ್ತಿರದವರೆಗೂ ಬರುವ, ಜೋಡಿಗೆ ನಾಲ್ಕು ಕಿಲೋ ತೂಗುವ ಬೂಟು. ನನ್ನ ಪಾದ ಮುಂದೆ ಅಗಲ, ಹಿಮ್ಮಡಿ ಸಣ್ಣದು. ಸೇಡಂನಲ್ಲಿ ಚಪ್ಪಲಿಯೇ ಸರಿಯಾಗಿ ಕೂರುವುದಿಲ್ಲ. ಆ ಬೂಟು ಮಾತ್ರ ನನಗೆಂದೇ ಎರಕ ಹೊಯ್ದಂತಿತ್ತು. ಸಂಜೆ ಅದನ್ನು ಹಾಕಿಕೊಂಡು ಮನೆಯ ಫರ್ಸಿ ಕಲ್ಲಿನ ಮೇಲೆ ಟಕಟಕ ಓಡಾಡುತ್ತಿದ್ದೆ. ಅತ್ತೆ ದೇವರ ಮುಂದೆ ಕೂತಲ್ಲಿಂದಲೇ ನನ್ನತ್ತ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಹೋದ ವರ್ಷ ಗುಲ್ಮಾರ್ಗಿನ ಎರಡು ವಾರದ ಸ್ಕೀ ಕೋರ್ಸಿಗೆ ಸೀಟು ಸಿಕ್ಕಿತು. ಪಾಸಾದರೆ ಮೇಲಿನ ಕೋರ್ಸು, ಅದನ್ನೂ ಮುಗಿಸಿದರೆ ಕಲಿಸುವ ಅರ್ಹತೆ. ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ನನ್ನನ್ನೂ ಕಳಿಸಲು ಬಂದ ಗಂಡನನ್ನೂ ಭಾವನವರೇ ತಮ್ಮ ಕಾರಿನಲ್ಲಿ ಕರೆದೊಯ್ದು, ಪಾಸು ತೆಗೆಸಿ ಒಳಗೂ ಬಂದರು. ಬ್ಯಾಗೂ ಅವರದೇ, ದೊಡ್ಡದು. ತೂಕದ ಕೌಂಟರಿನಲ್ಲಿ ಅದು ಹದಿನೈದು ಕಿಲೋದ ಮಿತಿ ದಾಟಿದಾಗಲೇ ನನಗೆ ಗೊತ್ತಾದದ್ದು, ಬಟ್ಟೆಯ ಕೆಳಗೆ ಅವರು ಚಿಂಚೋಳಿಯ ತೊಗರಿ ಬೇಳೆ ಐದು ಕಿಲೋ ಇಟ್ಟಿದ್ದಾರೆಂದು. ನಾನು ವಿಮಾನ ಬದಲಿಸುವ ದೆಹಲಿಗೆ ವರ್ಗವಾಗಿದ್ದ ಅವರ ಆಫೀಸಿನ ಸಾಹೇಬರಿಗೆ. ನಮ್ಮ ಕಡೆಯವರು ಯಾರೇ ಊರು ಬಿಡಲಿ, ಬೇಳೆಯಿಲ್ಲದೆ ಬಿಡುವುದಿಲ್ಲ. ಅದು ನನಗೆ ಹೊಸದಲ್ಲ. ಆದರೆ ಭಾವನವರು ಬ್ಯಾಗು ತೆರೆದು ಹೊರಗೆ ತೆಗೆದದ್ದು ಬೇಳೆಯನ್ನಲ್ಲ, ನನ್ನ ಬೂಟನ್ನು.

"ಬೂಟ ಅಲ್ಲೇ ಬಾಡಿಗಿಗಿ ಸಿಗ್ತಾವಲ್ಲವಾ. ಇಂಥ ಬ್ಯಾಳಿ ಸಿಗ್ತದೇನು ದಿಲ್ಲ್ಯಾಗ?" ಎಂದರು.

ನನ್ನ ಗಂಡ ಚಾವಣಿ ನೋಡುತ್ತಾ ನಿಂತ. ನಾನೇ ಬ್ಯಾಗಿನ ಚೈನು ಎಳೆದು ಮುಚ್ಚಿದೆ. ಬೇಳೆ ದೆಹಲಿ ಸೇರಿತು, ಸಾಹೇಬರ ಡ್ರೈವರ್ ಬಂದು ಒಯ್ದ. ಬೂಟು ಕಾರಿನ ಡಿಕ್ಕಿಯಲ್ಲಿ ಊರಿಗೆ ಮರಳಿತು. ಬಾಡಿಗೆ ಬೂಟು ಮೂರನೆಯ ದಿನಕ್ಕೇ ನನ್ನ ಹಿಮ್ಮಡಿ ಸುಲಿದು ಹಾಕಿತು, ಕಣಕಾಲು ಬಾತು ಕಪ್ಪಾಯಿತು. ಪರೀಕ್ಷೆಯ ದಿನ ಇಳಿಜಾರಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಉಳಿದವರು ಇಳಿಯುವುದನ್ನು ನೋಡಿದೆ. ಫೇಲಾಗಿ ಬಂದವಳಿಗೆ ಭಾವನವರು ಹೇಳಿದ ಮೊದಲ ಮಾತು: "ಸಾಹೇಬ್ರು ಬ್ಯಾಳಿ ಭಾಳ ಹೊಗಳಿದ್ರು ನೋಡು." ಅವತ್ತೇ ನಿರ್ಧಾರ ಮಾಡಿದೆ, ಇವರನ್ನು ಬಿಡಬಾರದು.

ಕೋರ್ಸಿನ ವಯಸ್ಸಿನ ಮಿತಿಗೆ ನನಗೆ ಉಳಿದಿದ್ದದ್ದು ಈ ಒಂದೇ ವರ್ಷ. ತೂಕದ ಕೌಂಟರಿಗೇ ಹೋಗದಂತೆ ಬೂಟನ್ನು ಕೈಯಲ್ಲೇ ಒಯ್ಯಬೇಕು. ಚೀಲ ಸೀಟಿನ ಮೇಲಿನ ಗೂಡಿನಲ್ಲಿ ಹಿಡಿಯಬೇಕು. ಬೂಟು ಬಿಟ್ಟು ಬೇರೇನೂ ಅದರಲ್ಲಿ ತೂರಬಾರದು. ಆನ್‌ಲೈನಿನಲ್ಲಿ ಸ್ಕೀ ಬೂಟಿಗೆಂದೇ ಮಾಡಿದ ಚೀಲಗಳಿದ್ದವು. ಆದರೆ ನಡುವೆ ಹೆಲ್ಮೆಟ್ಟಿಗೆ ಜಾಗ, ಪಕ್ಕದಲ್ಲಿ ಜೇಬು, ಬೆನ್ನಿಗೆ ಇನ್ನೊಂದು ಅರೆ. ಹೆಲ್ಮೆಟ್ಟಿನ ಜಾಗ ಕಂಡರೆ ನನ್ನ ಕಣ್ಣಿಗೆ ಮೂರು ಕಿಲೋ ಬೇಳೆ, ಜೇಬು ಕಂಡರೆ ಅರ್ಧ ಕಿಲೋ. ಶಹಾಬಾದಿನ ಅಂಗಡಿಯವನು ಒಂದೊಂದೇ ಬ್ಯಾಗು ಇಳಿಸಿ, "ಇದರಾಗ ಭಾಳ ಜಾಗ ಅದರಿ ಮೇಡಂ" ಎಂದು ಹೊಗಳಿದಷ್ಟೂ ನಾನು "ಬ್ಯಾಡ್ರಿ" ಅನ್ನುತ್ತಾ ಹೋದೆ. ಕೊನೆಗೆ ಅವನು ನನ್ನನ್ನು ಬಿಟ್ಟು ಬೇರೆ ಗಿರಾಕಿಯತ್ತ ತಿರುಗಿದ.

ವಾಡಿಯಲ್ಲಿ ಲಾರಿಗಳ ತಾಡಪತ್ರಿ, ಸೀಟು ಕವರು ಹೊಲಿಯುವ ಮುದುಕರೊಬ್ಬರಿದ್ದಾರೆ. ಬೂಟು ಒಯ್ದು ಅವರ ಮಷೀನಿನ ಪಕ್ಕ ಇಟ್ಟೆ. ಒಂದು ಬೂಟಿನ ಮೂತಿ ಇನ್ನೊಂದರ ಹಿಮ್ಮಡಿಗೆ ಬರುವಂತೆ ತಿರುಗಿಸಿಟ್ಟು, ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದರು. ಒದ್ದೆ ಬೂಟಿನ ನೀರು ಇಳಿಯಲಿ ಎಂದು ತಳದಲ್ಲಿ ಎರಡು ತೂತು ಮಾಡಿ ಹಿತ್ತಾಳೆ ಉಂಗುರ ಕೂರಿಸಿದರು. ಹೊಲಿದು ಮುಗಿಸಿ, ಚೈನು ಎಳೆದು ನೋಡಿ ತಲೆ ಅಲ್ಲಾಡಿಸಿದರು.

"ಭಾಳ ಬಿಗಿ ಆತವಾ. ಒಂದು ಕರ್ಚೀಫ್ ಸೈತ ಹಿಡಿಯಂಗಿಲ್ಲ."

"ಹಂಗೇ ಇರಲ್ರಿ," ಎಂದೆ. ಅಷ್ಟು ಖುಷಿಯಿಂದ ನಾನು ಮದುವೆ ಸೀರೆಯನ್ನೂ ಮನೆಗೆ ತಂದಿರಲಿಲ್ಲ.

ಈ ಸಲವೂ ಕಾರು ಭಾವನವರದೇ. ಅವರು ಚೀಲವನ್ನು ತಿರುವಿ ಮುರುವಿ ನೋಡಿ ಡಿಕ್ಕಿಯಲ್ಲಿಟ್ಟರು. ಗೆದ್ದೆ ಅಂದುಕೊಂಡೆ. ತಾಂಡೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಾನೂ ನನ್ನ ಗಂಡನೂ ಇಳಿದೆವು. ಅವರು, "ನೀವು ಕುಡೀರಿ, ನಾ ಬರ್ತೀನಿ" ಎಂದು ಕಾರಿನ ಬಳಿಯೇ ಉಳಿದರು.

ನಿಲ್ದಾಣದ ಬಾಗಿಲಲ್ಲಿ ಚೀಲವನ್ನು ಹೆಗಲಿಗೆ ಏರಿಸಿದ ಕೂಡಲೇ ತಿಳಿಯಿತು. ತಿಂಗಳುಗಟ್ಟಲೆ ಹೊತ್ತು ಅಭ್ಯಾಸ ಮಾಡಿದ ಭಾರ ಅದಲ್ಲ. ಚೈನು ಎಳೆದೆ. ಎರಡೂ ಬೂಟಿನ ಹೊಟ್ಟೆಯಲ್ಲಿ, ಹಿಮ್ಮಡಿಯ ತನಕ, ಪ್ಲಾಸ್ಟಿಕ್ ಪಾಕೀಟಿನಲ್ಲಿ ಬೇಳೆ ಗಿಡಿದು ತುಂಬಿತ್ತು. ಸುತ್ತೆಲ್ಲ ಸಂದಿಲ್ಲದಂತೆ ಹೊಲಿಸಿದ ಜಾಣೆ, ಬೂಟಿನ ಒಳಗು ಟೊಳ್ಳೆಂಬುದನ್ನೇ ಮರೆತಿದ್ದೆ.

"ಒಳಗ ಖಾಲಿ ಇತ್ತಲ್ಲವಾ," ಎಂದರು ಭಾವನವರು, ನನಗೆ ಉಪಕಾರ ಮಾಡಿದವರಂತೆ ನಗುತ್ತಾ. "ಬೂಟಿನ ಆಕಾರನೂ ಕೆಡಂಗಿಲ್ಲ."

ಚೀಲ ಹೇಳಬೇಕಾದದ್ದನ್ನು ಹೇಳಲಿಲ್ಲ. ನಾನೇ ಹೇಳಬೇಕಾಯಿತು.

"ಇಲ್ರಿ ಭಾವ. ನಾ ಒಯ್ಯಂಗಿಲ್ಲ."

ಅವರಿಗೆ ಕೇಳಿಸಿದರೂ ನಂಬಿಕೆ ಬರಲಿಲ್ಲ. "ಸಾಹೇಬ್ರಿಗಿ ಫೋನ್ ಮಾಡೀನಿ, ಡ್ರೈವರ್ ಬರ್ತಾನ..."

"ಬಂದು ಖಾಲಿ ಕೈಲೆ ಹೋಗ್ಲಿ. ಇಲ್ಲಾಂದ್ರ ನೀವೇ ಟಿಕೀಟ್ ತಗೊಂಡು ಹೋಗಿ ಕೊಟ್ಟು ಬರ್ರಿ."

ಪಾಕೀಟುಗಳನ್ನು ಒಂದೊಂದಾಗಿ ಎಳೆದು ಅವರ ಕೈಗೆ ಇಟ್ಟೆ. ಕೊನೆಯದು ಬೂಟಿನ ಕೊಂಡಿಗೆ ಸಿಕ್ಕಿ ಹರಿಯಿತು. ಕನ್ನಡಿಯಂಥ ನೆಲದ ಮೇಲೆ ಬೇಳೆ ಜರ್ರೆಂದು ಹರಡಿತು. ಟ್ರಾಲಿ ತಳ್ಳುತ್ತಿದ್ದವರು ನಿಂತರು, ಕಾವಲಿನವನು ಶಿಳ್ಳೆ ಊದಿದ. ಚಿತ್ತಾಪುರದಲ್ಲಿ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಮಾಡುವ ಭಾವನವರು ಕುಕ್ಕರುಗಾಲಲ್ಲಿ ಕೂತು ಬೇಳೆ ಬಳಿಯತೊಡಗಿದರು. ಬಗ್ಗಿ ನೆರವಾಗಬೇಕೆಂದು ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು. ನನ್ನ ಗಂಡ ಈ ಸಲವೂ ಚಾವಣಿ ನೋಡಿದ. ನಾನು ಒಳಗೆ ನಡೆದೆ.

ಪರೀಕ್ಷೆಯ ದಿನ ಇಳಿಜಾರನ್ನು ಬೀಳದೆ ಇಳಿದೆ. ಪಾಸಾಗಿದ್ದೇನೆ, ಒಳ್ಳೆಯ ದರ್ಜೆಯಲ್ಲೇ. ಊರಿಗೆ ಬಂದ ಮೇಲೆ ಅತ್ತೆಗೆ ಹೇಳಿದೆ, ಶಾಲೆಯಲ್ಲಿ ಹೇಳಿದೆ, ವಾಡಿಗೆ ಹೋಗಿ ಹೊಲಿದ ಮುದುಕರಿಗೂ ಹೇಳಿ ಬಂದೆ. ಭಾವನವರಿಗೆ ಮಾತ್ರ ಹೇಳಿಲ್ಲ. ಮೊನ್ನೆ ಬಂದಿದ್ದರು. ಚಹಾ ಕುಡಿದರು, ಒಂದೆರಡು ಸಲ ಗಂಟಲು ಸರಿಮಾಡಿಕೊಂಡರು, ಕೇಳದೆ ಎದ್ದು ಹೋದರು. ಬಾಯಿ ಬಿಟ್ಟು ಕೇಳಲಿ. ಅಲ್ಲಿಯ ತನಕ ನಾನೂ ಹೇಳುವವಳಲ್ಲ.