ನೇಸರಗಿ ದಾರಿಯಲ್ಲಿ ನಿಂತ ಮೋಟಾರು

ನಮ್ಮ ಮಾವನವರ ಮೋಟಾರು ಓಡಿಸುತ್ತಿದ್ದವನಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಬೈಲಹೊಂಗಲದಲ್ಲಿ ಆಗ ಇದ್ದದ್ದೇ ಒಂದೆರಡು ಮೋಟಾರು. ಯಾರು ಏನು ಕೇಳಿದರೂ ಕೈ ಒರೆಸಿಕೊಳ್ಳುತ್ತ, "ನೋಡಿ ಹೇಳತೇನಿ" ಅನ್ನುವನು. ನೋಡಿ ಹೇಳಿದ ಮೇಲೆ ಮಾತು ಬದಲಿಸುತ್ತಿರಲಿಲ್ಲ.

ಚೊಚ್ಚಲ ಹೆರಿಗೆಯ ನೋವು ಹಿಡಿದ ನನ್ನನ್ನು ಬೆಳಗಾವಿಯ ದವಾಖಾನೆಗೆ ಒಯ್ಯುವಾಗ, ನೇಸರಗಿ ದಾಟುತ್ತಲೇ ಇಂಜಿನ್ನಿನ ನೀರು ಕುದ್ದು ಆವಿ ಎದ್ದಿತು.

"ನೀರ ಸುರದು ಹೊಡಿಯೋ!" ಎಂದು ಮಾವನವರು ಕೂಗಿದರು.

ಅವನು ಇಂಜಿನ್ನು ಆರುವವರೆಗೆ ಕಾದ. ಎಲ್ಲೂ ಸೋರಿಲ್ಲವೆಂದು ಸುತ್ತ ತಡವಿ ನೋಡಿ, ತಣ್ಣೀರು ತುಂಬಿ ಮತ್ತೆ ಚಾಲು ಮಾಡಿದ. ನೀರು ಬಿಸಿಯಾಗುವ ಮೊದಲೇ ಅದರಲ್ಲಿ ಗುಳ್ಳೆಗಳು ಏಳತೊಡಗಿದವು.

"ಒಳಗಿನ ಹೊಗಿ ನೀರಾಗ ನುಗ್ಗಾಕ ಹತ್ತೇತ್ರಿ ಸಾವಕಾರ್ರ. ಇಂಜಿನ್ ಮುಚ್ಚಳದ ಕೆಳಗ ಹೊಗಿ-ನೀರು ಕೂಡದಂಗ ತಡಿಯೂ ತಾಮ್ರದ ಗ್ಯಾಸ್ಕಿಟ್ ಇರತೈತಲ್ಲ, ಅದು ಸುಟ್ಟೈತಿ. ಮುಂದ ಹೋದ್ರ ಅಡವ್ಯಾಗ ನಿಲ್ಲತೈತಿ. ನೇಸರಗ್ಯಾಗ ಸೂಲಗಿತ್ತಿ ಅದಾಳ. ತಿರುಗಿ ಹೋಗೂಣ್ರಿ."

ಮಾವನವರು ಬೈದರು. ಅವನು ಬರುತ್ತಿದ್ದ ಚಕ್ಕಡಿಯೊಂದನ್ನು ನಿಲ್ಲಿಸಿ, ನನ್ನತ್ತ ತಿರುಗಿ, "ಅಂಜಬ್ಯಾಡ್ರಿ ಅವ್ವಾರ," ಎಂದ. ಅಷ್ಟು ನೋವಿನಲ್ಲೂ ಆ ದನಿ ನನಗೆ ಧೈರ್ಯ ಕೊಟ್ಟಿತು.

ಅಂದು ಸಂಜೆ ನೇಸರಗಿಯಲ್ಲೇ ಮಗಳು ಹುಟ್ಟಿದಳು. ಮರುದಿನ ಅವನು ಇಂಜಿನ್ನಿನ ಮುಚ್ಚಳ ಬಿಚ್ಚಿ, ಸುಟ್ಟು ಹರಿದ ಗ್ಯಾಸ್ಕಿಟ್ಟನ್ನು ಹಿಡಿದುಕೊಂಡು ಬಂದ. ಮಾವನವರು ನೋಡಲು ಕೈ ಚಾಚಿದರು.

"ಇದು ಎಲ್ಲಿ ಹೋಗತೈತ್ರಿ," ಎಂದು ಅವನು ಅದನ್ನು ಕಟ್ಟೆಯ ಮೇಲಿಟ್ಟ. "ಮದಲ ಕೂಸಿನ ಮಾರಿ ತೋರಸ್ರಿ."