ಉಪ್ಪಿಲ್ಲದ ಎಡೆ

ಸತ್ತವರು ಬಂದು ಹೋಗುತ್ತಾರೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗಲೂ ಅದನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದಿನ ಆ ಮಧ್ಯಾಹ್ನ ನೆನಪಾದರೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ.

ಮಿರಜದಲ್ಲಿ ನಮ್ಮದು ಅರಿಶಿನದ ವ್ಯಾಪಾರ, ಅಡ್ಡಹೆಸರು ತಕ್ಕಡಿ. ಬ್ರಿಟಿಷರ ಕಾಲದಲ್ಲಿ ಸಾಹೇಬನೊಬ್ಬ ನಮ್ಮ ಮೂಲಪುರುಷ ಮಲ್ಲಪ್ಪನ ಪ್ರಾಮಾಣಿಕತೆಗೆ ಮೆಚ್ಚಿ ಕೊಟ್ಟ ಹೆಸರಂತೆ. ನಮ್ಮ ಕಾಕಾ ಹೋದಲ್ಲೆಲ್ಲ ಇದೇ ತುತ್ತೂರಿ ಊದುತ್ತಿದ್ದರು. ಕವಲಾಪುರದಲ್ಲೂ ತಕ್ಕಡಿಯವರಿದ್ದಾರೆಂದು ಕೇಳಿ ಒಂದು ದಿನ ಬಸ್ಸು ಹತ್ತಿದೆ. ಆ ಮನೆಯ ಅಜ್ಜಿ ನನ್ನ ಕಥೆ ಕೇಳಿ ನಕ್ಕುಬಿಟ್ಟರು.

“ಸಾಹೇಬ ಎಲ್ಲಿಂದ ಕೊಡ್ತಾನ ತಂಗಿ? ಇದು ನಮ್ಮ ಮನಿ ಹೆಸರು. ಮಲ್ಲಪ್ಪ ನಮ್ಮ ನೀಲವ್ವನ ಗಂಡ. ಮನಿ ಅಳಿಯ ಆಗಿ ಬಂದಾಂವ. ವ್ಯಾಪಾರ ಕಲತ, ಹೆಸರೂ ತಗೊಂಡ, ಆಕೀನ್ನ ಬಿಟ್ಟು ಮಿರಜಿಗೆ ಹೋಗಿ ಇನ್ನೊಂದು ಲಗ್ನ ಆದ.”

ನಮ್ಮಲ್ಲಿ ಹಿರಿಯರಿಗೆ ಎಡೆ ಹಿಡಿಯುವ ದಿನ ಒಂದು ಎಡೆಯನ್ನು ಉಪ್ಪು ಹಾಕದೆ ಹೊಸ್ತಿಲಾಚೆ ಇಡುತ್ತಾರೆ. ಯಾರಿಗೆಂದು ಕೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅದು ನೀಲವ್ವನಿಗೆಂದು ಈಗ ತಿಳಿಯಿತು. ಆಕೆಯ ಹೆಸರು ಹೊತ್ತು ಬದುಕಿದವರು ಆಕೆಗೊಂದು ಚಿಟಿಕೆ ಉಪ್ಪು ಕೊಡಲಿಲ್ಲ!

ಆಗ ಕಾಕಾ ಮಲ್ಲಪ್ಪನ ಸಮಾಧಿಗೆಂದು ಸಾಂಗಲಿಯಲ್ಲಿ ಹೊಸ ಕಲ್ಲು ಕೆತ್ತಿಸುತ್ತಿದ್ದರು. ನೀಲವ್ವನ ಹೆಸರನ್ನೂ ಹಾಕಿಸಿ ಎಂದೆ.

“ಬಿಟ್ಟ ಹೆಂಗಸಿನ ಹೆಸರು ಹಾಕಿ ಮಂದಿ ಮುಂದ ಮಾನ ಕಳಕೊಳ್ಳೂದೇನು? ಗಪ್ಪ ಕುಂದ್ರು,” ಎಂದರು.

ಆ ವರ್ಷದ ಎಡೆಯ ಅಡುಗೆ ನನ್ನ ಪಾಲಿಗೇ ಬಂತು. ಪಾತ್ರೆ ಕುಕ್ಕುತ್ತಲೇ ಮಾಡಿದೆ. ನೀಲವ್ವನ ಪಾಲನ್ನು ಸಪ್ಪೆಯಾಗಿಯೇ ತೆಗೆದಿಟ್ಟು, ಉಳಿದ ಸಾರು, ಪಲ್ಯಕ್ಕೆ ಈ ಕೈಯಾರೆ ಉಪ್ಪು ಹಾಕಿದೆ. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಕೂತರು. ಮೊದಲ ತುತ್ತಿಗೇ ಕಾಕಾ ಮುಖ ಕಿವುಚಿದರು.

“ಉಪ್ಪ ಎಲ್ಲೈತಿ?”

ನಾನೂ ಬಾಯಿಗಿಟ್ಟು ನೋಡಿದೆ. ಸಾರು, ಪಲ್ಯ ಎರಡೂ ಸಪ್ಪೆ. ಎದ್ದು ಹೋಗಿ ಹೊಸ್ತಿಲಾಚೆಯ ಎಡೆಗೆ ಬೆರಳಿಟ್ಟು ನೆಕ್ಕಿದೆ. ಅಲ್ಲಿ ಉಪ್ಪು ಹದವಾಗಿತ್ತು.

“ಸಿಟ್ಟಿಗೆ ಬೇಕಂತ ಅದಲಬದಲ ಮಾಡೀದಿ!” ಎಂದು ಕಾಕಾ ಕೂಗಾಡಿದರು. ಕೊರಳ ಲಿಂಗ ಮುಟ್ಟಿ ಆಣೆ ಮಾಡಿದೆ. ಒಬ್ಬರೂ ನಂಬಲಿಲ್ಲ. ಸಾಹೇಬನ ಕಟ್ಟುಕಥೆಯನ್ನು ಇಷ್ಟು ವರ್ಷ ನಂಬಿದವರಿಗೆ ನನ್ನ ಆಣೆ ಸುಳ್ಳಾಯಿತು! ಅಷ್ಟು ಸಿಟ್ಟಿದ್ದದ್ದು ನಿಜ, ಮಾಡಿದ್ದರೂ ಮಾಡುತ್ತಿದ್ದೆನೇನೋ. ಆದರೆ ಮಾಡಲಿಲ್ಲ. ಹೇಗಾಯಿತೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ನೀಲವ್ವನ ಹೆಸರಿಲ್ಲದೆಯೇ ಕಲ್ಲು ನಿಂತಿತು. ಮರುವರ್ಷ ಆಕೆಯ ಎಡೆಗೆ ಉಪ್ಪು ಹಾಕಿ, ಒಳಗೆ ಮಲ್ಲಪ್ಪನ ಎಡೆಯ ಪಕ್ಕದಲ್ಲೇ ಇಟ್ಟೆ. ಊಟಕ್ಕೆ ಕೂತಾಗ ಕಾಕಾ, ನನ್ನ ಕಡೆ ನೋಡದೆ, ಬೆರಳ ತುದಿಯಲ್ಲಿ ಸಾರು ಮುಟ್ಟಿ ಮೊದಲು ರುಚಿ ನೋಡಿಕೊಂಡರು.